ಕೊಳ್ಳುವ ಮೊದಲು ಮಾರಿ ನೋಡಿ

ಭಾನುವಾರ ಬೆಳಗ್ಗೆ, ಇನ್ನೂ ಕಾಫಿ ಕೈಗೆ ಬಂದಿರಲಿಲ್ಲ, ಚಿಕ್ಕಮ್ಮನ ಮಗನ ಫೋನು. ಪೀಣ್ಯದ ಒಂದು ಕಂಪನಿಯಲ್ಲಿ ಕೆಲಸ ಅವನಿಗೆ, ವಾರದ ಕೊನೆಗೆ ತಿಪಟೂರಿಗೆ ಹೋಗಿದ್ದ.

“ಅಕ್ಕಾ, ಬಿಟ್‌ಕಾಯಿನ್ ತಗೊಳ್ಳೋಣ ಅಂತಿದೀನಿ. ಯಾವ ಆ್ಯಪ್ ಒಳ್ಳೇದು ಹೇಳು.”

“ಎಷ್ಟಕ್ಕೆ?”

“ಎಂಬತ್ತು ಸಾವಿರಕ್ಕೆ. ಈ ತಿಂಗಳು ಚೀಟಿ ಎತ್ತಿದೀನಿ.”

ಆ ಚೀಟಿ ಯಾಕೆ ಹಾಕಿದ್ದ ಅಂತ ನನಗೆ ಗೊತ್ತು. ತಂಗಿಯ ನಿಶ್ಚಿತಾರ್ಥಕ್ಕೆ. ಅದನ್ನೇ ಕೇಳಿದೆ. “ಅದಕ್ಕಿನ್ನೂ ಮೂರು ತಿಂಗಳಿದೆಯಲ್ಲಕ್ಕಾ, ಅಷ್ಟರೊಳಗೆ...” ಅಂದವನು ಮಾತು ಮುಗಿಸಲಿಲ್ಲ. ಮುಗಿಸೋದೂ ಬೇಕಿರಲಿಲ್ಲ. 2021ರಲ್ಲಿ ನಾನೂ ಹೀಗೇ ಅರ್ಧಕ್ಕೆ ನಿಲ್ಲಿಸಿದ್ದೆ.

“ಸರಿ, ತಗೊಂಡೆ ಅಂತಿಟ್ಕೋ. ಮಾರೋದು ಹೇಗೆ?”

“ಮಾರೋದಾ? ಸೆಲ್ ಅಂತ ಬಟನ್ ಇರತ್ತಲ್ಲ.”

“ಒತ್ತಿದ ಮೇಲೆ? ದುಡ್ಡು ಎಲ್ಲಿಗೆ ಬರತ್ತೆ, ಎಷ್ಟು ದಿನಕ್ಕೆ ಬರತ್ತೆ, ಎಷ್ಟು ಕಟ್ ಆಗಿ ಬರತ್ತೆ?”

ಆ ಕಡೆಯಿಂದ ಸದ್ದಿಲ್ಲ.

ಈ ಅಂಕಣಕ್ಕೆ ಬರೆಯುವವರೂ ಅಷ್ಟೇ. ಯಾವ ಕಾಯಿನ್, ಯಾವ ಆ್ಯಪ್, ಈಗ ಕೊಳ್ಳಬಹುದಾ, ಇನ್ನೂ ಇಳಿಯುತ್ತಾ ಅಂತ ಕೇಳ್ತೀರಿ. ಹೊರಗೆ ಬರುವ ಬಾಗಿಲು ಎಲ್ಲಿದೆ ಅಂತ ಕೇಳಿದವರು ಒಬ್ಬಿಬ್ಬರು ಇರಬಹುದು. ನನಗೂ ಆ ಪ್ರಶ್ನೆ ಹೊಳೆದದ್ದು ಬಾಗಿಲಲ್ಲಿ ಕೈ ಸಿಕ್ಕಿಹಾಕಿಕೊಂಡ ಮೇಲೆ. ಅದನ್ನು ಇದುವರೆಗೆ ಇಲ್ಲಿ ಬರೆದಿರಲಿಲ್ಲ, ಸ್ವಲ್ಪ ನಾಚಿಕೆಯ ವಿಷಯ.

2021ರ ದೀಪಾವಳಿ ಬೋನಸ್ಸಿನಲ್ಲಿ 40 ಸಾವಿರ ರೂಪಾಯಿಯ ಬಿಟ್‌ಕಾಯಿನ್ ತಗೊಂಡಿದ್ದೆ. ಆ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್ ಬೆಲೆ ಸುಮಾರು 69 ಸಾವಿರ ಡಾಲರ್ ಮುಟ್ಟಿತ್ತು. ಅಂದರೆ ನಾನು ಸರಿಯಾಗಿ ಬೆಟ್ಟದ ತುದಿಯಲ್ಲಿ ಬಸ್ ಹತ್ತಿದ್ದೆ. ಮುಂದಿನ ನವೆಂಬರ್ ಹೊತ್ತಿಗೆ ಅದು 16 ಸಾವಿರ ಡಾಲರಿನ ಆಸುಪಾಸಿಗೆ ಬಿತ್ತು. ಎಫ್‌ಟಿಎಕ್ಸ್ ಅನ್ನುವ ದೊಡ್ಡ ವಿದೇಶಿ ಎಕ್ಸ್‌ಚೇಂಜ್ ದಿವಾಳಿಯಾದ ತಿಂಗಳು ಅದು. ಹೆದರಿ ಮಾರಿದೆ. ಬಂದದ್ದು 10,600 ರೂಪಾಯಿ.

ನಷ್ಟ ಆಯಿತಲ್ಲ, ಅದು ಕಥೆಯಲ್ಲ. ಮಾರಿದ್ದು ಹೇಗೆ ಅನ್ನೋದು ಕಥೆ. ಆ ವರ್ಷ ಜುಲೈ 1ರಿಂದ ಕ್ರಿಪ್ಟೋ ಮಾರಿದ ಮೊತ್ತದ ಮೇಲೆ 1% ಟಿಡಿಎಸ್ ಶುರುವಾಗಿತ್ತು. “ಪಿಟುಪಿಯಲ್ಲಿ ಮಾರಿ, ಕಟ್ ಆಗಲ್ಲ” ಅಂತ ಆಫೀಸಿನಲ್ಲಿ ಒಬ್ಬರು ಹೇಳಿಕೊಟ್ಟರು. ಪಿಟುಪಿ ಅಂದರೆ ಆ್ಯಪು ಇಬ್ಬರು ಅಪರಿಚಿತರನ್ನು ಜೋಡಿಸುತ್ತೆ. ನಾನು ಕಾಯಿನ್ ಬಿಡಬೇಕು, ಅವರು ನನ್ನ ಬ್ಯಾಂಕ್ ಖಾತೆಗೆ ನೇರವಾಗಿ ದುಡ್ಡು ಹಾಕ್ತಾರೆ. ಹಾಕಿದರು ಕೂಡ, ಐದೇ ನಿಮಿಷದಲ್ಲಿ. ಆ್ಯಪಿನಲ್ಲಿದ್ದ ಹೆಸರು ಒಂದು, ದುಡ್ಡು ಬಂದ ಖಾತೆಯ ಹೆಸರು ಇನ್ನೊಂದು. ನೋಡಿದೆ. ಅಣ್ಣನೋ ತಮ್ಮನೋ ಇರಬೇಕು ಅಂದುಕೊಂಡು ಸುಮ್ಮನಾದೆ.

ಡಿಸೆಂಬರಿನಲ್ಲಿ ಮನೆ ಕೆಳಗಿನ ಮೆಡಿಕಲ್ ಶಾಪಿನಲ್ಲಿ ಯುಪಿಐ ಹೋಗಲಿಲ್ಲ. ಸರ್ವರ್ ಇರಬೇಕು ಅಂದುಕೊಂಡೆ. ಎಟಿಎಂನಲ್ಲೂ ಬರಲಿಲ್ಲ. ಬ್ಯಾಂಕಿಗೆ ಹೋದರೆ, “ಮೇಡಂ, ನಿಮ್ಮ ಅಕೌಂಟ್ ಫ್ರೀಜ್ ಆಗಿದೆ. ಬೇರೆ ರಾಜ್ಯದ ಸೈಬರ್ ಪೊಲೀಸರಿಂದ ಬಂದಿರೋದು, ನಮ್ಮ ಕೈಯಲ್ಲಿ ಏನೂ ಇಲ್ಲ” ಅಂದರು. ನನಗೆ ಬಂದಿದ್ದ ಆ 10,600 ಯಾರದೋ ಮೋಸ ಹೋದ ದುಡ್ಡಾಗಿತ್ತು. ಕದ್ದವರು ಅದನ್ನು ಇಂಥ ಖಾತೆಗಳಿಗೆ ಹಾಕಿ, ಬದಲಿಗೆ ಕಾಯಿನ್ ತಗೊಂಡು ಮಾಯವಾಗ್ತಾರೆ. ಪೊಲೀಸರು ದುಡ್ಡಿನ ಜಾಡು ಹಿಡಿದು ಬಂದಾಗ ಸಿಗೋದು ನಮ್ಮಂಥವರು.

ಸಂಬಳ ಹಿಂದಿನ ದಿನವಷ್ಟೇ ಬಿದ್ದಿತ್ತು. ಅದೂ ಒಳಗೇ ಕೂತಿತು. ತನಿಖಾಧಿಕಾರಿಗೆ ಇಮೇಲ್, ಆ್ಯಪಿನ ಚಾಟ್‌ನ ಸ್ಕ್ರೀನ್‌ಶಾಟ್, ಸ್ಟೇಟ್‌ಮೆಂಟ್, ಮತ್ತೆ ಇಮೇಲ್. ಬಿಡಿಸಿಕೊಳ್ಳಲು ಹೆಚ್ಚುಕಡಿಮೆ ಎರಡು ತಿಂಗಳು ಹಿಡಿಯಿತು. ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವ ಮಗಳು ಬಾಡಿಗೆಗೆ ಅಪ್ಪನ ಹತ್ತಿರ ಕೈಚಾಚಿದ್ದಳು. ಇಷ್ಟೆಲ್ಲ ಎಷ್ಟು ಉಳಿಸೋಕೆ ಗೊತ್ತಾ? 106 ರೂಪಾಯಿ. ಅದೂ ರಿಟರ್ನ್ಸ್ ಹಾಕುವಾಗ ಹೇಗೂ ಲೆಕ್ಕಕ್ಕೆ ಸಿಗ್ತಿದ್ದ ದುಡ್ಡು.

ಹಾಗಾಗಿ ತಮ್ಮನಿಗೆ ಮೊದಲು ಹೇಳಿದ್ದು: ಪಿಟುಪಿ ಕಡೆ ತಲೆ ಹಾಕಬೇಡ. ನಿನ್ನ ಹೆಸರಿನ ಖಾತೆಯಿಂದ ಎಕ್ಸ್‌ಚೇಂಜಿಗೆ, ಎಕ್ಸ್‌ಚೇಂಜಿನಿಂದ ಮತ್ತೆ ಅದೇ ಖಾತೆಗೆ. ನಡುವೆ ಮೂರನೆಯವರು ಬೇಡ. ಸಂಬಳದ ಖಾತೆಯನ್ನೂ ಜೋಡಿಸಬೇಡ, ಬೇರೆ ಒಂದು ಉಳಿತಾಯ ಖಾತೆ ಇಟ್ಕೋ.

“ಅಕ್ಕಾ, ಇದು ಲೀಗಲ್ಲಾ ಮೊದಲು?” ಅಂದ. ಒಳ್ಳೆಯ ಪ್ರಶ್ನೆ, ಸ್ವಲ್ಪ ತಡವಾಗಿ ಬಂತು ಅಷ್ಟೇ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಕ್ರಿಪ್ಟೋ ವ್ಯವಹಾರದಿಂದ ದೂರ ಇರಿ ಅಂದಿತ್ತು. ಅದೇ ಅಕ್ಟೋಬರಿನಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಮಾಲ್ ಒಂದರಲ್ಲಿ ಬಿಟ್‌ಕಾಯಿನ್ ಯಂತ್ರ ಇಟ್ಟಾಗ ಪೊಲೀಸರು ಯಂತ್ರವನ್ನೇ ಹೊತ್ತುಕೊಂಡು ಹೋಗಿದ್ದರು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಈಗ ಕೊಳ್ಳೋದು, ಮಾರೋದು ಅಪರಾಧವಲ್ಲ. ಆದರೆ ಇದು ರೂಪಾಯಿಯ ಹಾಗೆ ಮಾನ್ಯ ಹಣವೂ ಅಲ್ಲ. ಬ್ಯಾಂಕ್ ಠೇವಣಿಗಿರುವ 5 ಲಕ್ಷದ ವಿಮೆ ಇಲ್ಲಿಲ್ಲ.

ಇನ್ನು ಆ್ಯಪ್. 2023ರ ಮಾರ್ಚ್‌ನಿಂದ ಇಂಥ ಕಂಪನಿಗಳೆಲ್ಲ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದಿವೆ. ಕೇಂದ್ರದ ಹಣಕಾಸು ಗುಪ್ತಚರ ಘಟಕ, ಅಂದರೆ ಎಫ್‌ಐಯುನಲ್ಲಿ ನೋಂದಣಿ ಆಗಿರಲೇಬೇಕು. ನೋಂದಣಿ ಇಲ್ಲದ ಆ್ಯಪನ್ನು ಮುಟ್ಟಲೇಬೇಡಿ, ವಿದೇಶದ ಎಷ್ಟೇ ದೊಡ್ಡ ಹೆಸರಿರಲಿ. ಹಾಗಂತ ನೋಂದಣಿ ಇದೆ ಅಂದರೆ ನಿಮ್ಮ ದುಡ್ಡಿಗೆ ಸರ್ಕಾರ ಜಾಮೀನು ನಿಂತಿದೆ ಅಂತಲೂ ಅಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಹ್ಯಾಕರ್‌ಗಳು ದೋಚಿದ್ದು ಸುಮಾರು 23 ಕೋಟಿ ಡಾಲರ್. ಲಕ್ಷಾಂತರ ಗ್ರಾಹಕರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪಿನಲ್ಲಿ ಬಂದ ಲಿಂಕಿನಿಂದ ಇಳಿಸಿದ ಆ್ಯಪ್ ಆಗಿದ್ದರೆ ಮುಂದೆ ಓದುವುದೇ ಬೇಡ, ಈಗಲೇ ಅಳಿಸಿ. ಅಲ್ಲಿ ಕಾಣುವ ಲಾಭ ಬರೀ ಪರದೆಯ ಮೇಲಿನ ಅಂಕಿ. ಮೊದಲು ಐನೂರೋ ಸಾವಿರವೋ ವಾಪಸ್ ಕೊಟ್ಟು ನಂಬಿಸ್ತಾರೆ. ದೊಡ್ಡ ಮೊತ್ತ ತೆಗೆಯಲು ಹೋದಾಗ “ಮೊದಲು ಟ್ಯಾಕ್ಸ್ ಕಟ್ಟಿ, ಆಮೇಲೆ ಬಿಡುಗಡೆ” ಅನ್ನುತ್ತೆ. ನಮ್ಮ ದುಡ್ಡು ನಮಗೆ ಕೊಡೋಕೆ ಮುಂಗಡ ತೆರಿಗೆ ಕೇಳುವ ಎಕ್ಸ್‌ಚೇಂಜ್ ಯಾವುದೂ ಇಲ್ಲ. ಅಂಥದ್ದರಲ್ಲಿ ಸಿಕ್ಕಿದ್ದರೆ ಮತ್ತೊಂದು ರೂಪಾಯಿ ಹಾಕದೆ 1930ಕ್ಕೆ ಫೋನ್ ಮಾಡಿ. ನಾಳೆ ಅಲ್ಲ, ಆ ಗಂಟೆಯಲ್ಲೇ.

ಇಷ್ಟು ನೋಡಿಕೊಂಡ ಮೇಲೆ ತಮ್ಮನಿಗೆ ಒಂದು ಕೆಲಸ ಕೊಟ್ಟೆ. “ಬರೀ ಸಾವಿರ ರೂಪಾಯಿ ಹಾಕು. ಬಿಟ್‌ಕಾಯಿನ್ ತಗೋ. ಮಾರನೇ ದಿನ ಪೂರ್ತಿ ಮಾರು. ದುಡ್ಡು ಬ್ಯಾಂಕಿಗೆ ಬಂದು ಎಟಿಎಂನಿಂದ ಕೈಗೆ ಬರೋ ತನಕ ಇನ್ನೊಂದು ಪೈಸೆ ಹಾಕಬೇಡ.” ಒಂದು ಬಿಟ್‌ಕಾಯಿನ್ನನ್ನು ಹತ್ತು ಕೋಟಿ ಚೂರು ಮಾಡಬಹುದು, ಹಾಗಾಗಿ ಸಾವಿರಕ್ಕೂ ಸಿಗುತ್ತೆ.

ಕೊಂಡ. ಮಾರಿದ. ದುಡ್ಡು ಬರಲಿಲ್ಲ.

ಗಾಬರಿಯಿಂದ ಫೋನ್ ಮಾಡಿದ. ನೋಡಿದರೆ ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದಿದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ನಮ್ಮ ಕಡೆಯವರಿಗೆ ಇದು ಗೊತ್ತಿರೋ ಗೋಳೇ. ಹಾಕುವಾಗ ಆ್ಯಪು ತಕರಾರು ಮಾಡಲಿಲ್ಲ, ತೆಗೆಯುವಾಗ ಹೆಸರು ಹೊಂದಲ್ಲ ಅಂತ ತಡೆಯಿತು. ಟಿಕೆಟ್ ಹಾಕಿ, ಪಾಸ್‌ಬುಕ್ ಫೋಟೋ ಕಳಿಸಿ, ಆರನೇ ದಿನಕ್ಕೆ ದುಡ್ಡು ಬಂತು. ಅದು ಎಂಬತ್ತು ಸಾವಿರ ಆಗಿದ್ದು, ನಿಶ್ಚಿತಾರ್ಥದ ಹಿಂದಿನ ವಾರವೂ ಆಗಿದ್ದರೆ? ನಾನು ಕೇಳಲಿಲ್ಲ. ಅವನೇ ಅಂದ.

ಬಂದದ್ದು 962 ರೂಪಾಯಿ. “ಅಕ್ಕಾ, ಬೆಲೆ ಅಲ್ಲಾಡೇ ಇಲ್ಲ, 38 ರೂಪಾಯಿ ಎಲ್ಲಿ ಹೋಯ್ತು?” ಕೂತು ಲೆಕ್ಕ ಹಾಕಿದೆವು. ಹತ್ತು ರೂಪಾಯಿ ಟಿಡಿಎಸ್. ಎರಡು ಸಲದ ಶುಲ್ಕ, ಅದರ ಮೇಲೆ 18% ಜಿಎಸ್‌ಟಿ, ಸೇರಿ ಹನ್ನೆರಡು. ಉಳಿದ ಹದಿನಾರು ಎಲ್ಲೂ ಬರೆದಿರಲಿಲ್ಲ. ಆ್ಯಪು ಕೊಡುವಾಗ ಒಂದು ಬೆಲೆ, ಕೊಳ್ಳುವಾಗ ಒಂದು ಬೆಲೆ ತೋರಿಸುತ್ತೆ, ಆ ಅಂತರ ಅದು. ದೊಡ್ಡ ಹಸಿರು ಬಟನ್ ಒತ್ತಿ ತಕ್ಷಣ ಕೊಳ್ಳುವ ಬದಲು, ಇಂಥ ಬೆಲೆಗೆ ಬಂದರೆ ಕೊಡಿ ಅಂತ ಲಿಮಿಟ್ ಆರ್ಡರ್ ಹಾಕಿದರೆ ಇದು ಕಡಿಮೆಯಾಗುತ್ತೆ. ಟಿಡಿಎಸ್ ಬಿಟ್ಟರೂ, ಬೆಲೆ ಸುಮಾರು 3% ಏರಿದಾಗಲೇ ಅವನು ಹೊರಟ ಜಾಗಕ್ಕೆ ಬಂದು ನಿಲ್ಲೋದು.

ತೆರಿಗೆ ಇನ್ನೂ ಬಾಕಿ. ಲಾಭದ ಮೇಲೆ ನೇರ 30%, ಅದರ ಮೇಲೆ 4% ಸೆಸ್. ಸ್ಲ್ಯಾಬ್ ಗಿಲ್ಯಾಬ್ ಏನಿಲ್ಲ. ಕೆಟ್ಟ ಭಾಗ ಅದಲ್ಲ. ಒಂದು ಕಾಯಿನ್‌ನಲ್ಲಿ 20 ಸಾವಿರ ಲಾಭ, ಇನ್ನೊಂದರಲ್ಲಿ 15 ಸಾವಿರ ನಷ್ಟ ಆಯಿತು ಅನ್ನಿ. ನಿಮ್ಮ ಕೈಗೆ ನಿಜವಾಗಿ ಬಂದದ್ದು 5 ಸಾವಿರ. ತೆರಿಗೆ ಮಾತ್ರ ಪೂರ್ತಿ 20 ಸಾವಿರದ ಮೇಲೆ, 6,240 ರೂಪಾಯಿ! ನಷ್ಟವನ್ನು ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವ ಹಾಗಿಲ್ಲ. ಒಂದು ಕಾಯಿನ್ ಕೊಟ್ಟು ಇನ್ನೊಂದು ತಗೊಂಡರೂ ಅದು ಮಾರಾಟವೇ. ದಿನಾ ಅದಲು ಬದಲು ಮಾಡುವವರು ಗೆದ್ದೂ ಸೋಲೋದು ಹೀಗೆ. ರಿಟರ್ನ್ಸ್‌ನಲ್ಲಿ ಇದಕ್ಕೆ ಬೇರೆ ಶೆಡ್ಯೂಲ್ ಇದೆ, ಪ್ರತಿ ಕೊಳ್ಳುವಿಕೆಯ ತಾರೀಕು, ಬೆಲೆ ಬೇಕಾಗುತ್ತೆ. ವರ್ಷದ ಕೊನೆಗೆ ಹುಡುಕಬೇಡಿ, ಅವತ್ತವತ್ತೇ ಬರೆದಿಡಿ.

ಯಾವ ಕಾಯಿನ್ ಅಂತ ನಾನು ಹೇಳಲ್ಲ. ಆದರೆ ಮಾರಬೇಕು ಅಂದರೆ ಕೊಳ್ಳೋರು ಬೇಕಲ್ಲ? ಬಿಟ್‌ಕಾಯಿನ್, ಇಥೀರಿಯಂಗೆ ಯಾವ ಹೊತ್ತಿನಲ್ಲೂ ಕೊಳ್ಳೋರು ಸಿಗ್ತಾರೆ. ನಾಯಿ, ಕಪ್ಪೆ ಚಿತ್ರದ ಕಾಯಿನ್‌ಗಳಿಗೆ ಗದ್ದಲ ಇರೋ ತನಕ ಮಾತ್ರ. 2022ರ ಮೇ ತಿಂಗಳ ಶುರುವಿನಲ್ಲಿ ಲೂನಾ 80 ಡಾಲರ್ ದಾಟಿತ್ತು. ತಿಂಗಳ ಮಧ್ಯಕ್ಕೆ ಪೈಸೆಯೂ ಇರಲಿಲ್ಲ. ಸೆಲ್ ಬಟನ್ ಅವತ್ತೂ ಇತ್ತು.

ಬೀಗದ ವಿಷಯ ಚುಟುಕಾಗಿ ಹೇಳ್ತೀನಿ. ಎಕ್ಸ್‌ಚೇಂಜ್ ಖಾತೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್. ಓಟಿಪಿ ಎಸ್ಸೆಮ್ಮೆಸ್‌ಗೆ ಬರೋದಕ್ಕಿಂತ ಅಥೆಂಟಿಕೇಟರ್ ಆ್ಯಪ್ ಮೇಲು, ಯಾಕೆಂದರೆ ನಿಮ್ಮ ಹೆಸರಲ್ಲಿ ಇನ್ನೊಂದು ಸಿಮ್ ತೆಗೆಸುವ ಕಳ್ಳರಿದ್ದಾರೆ. ಸ್ವಂತ ವ್ಯಾಲೆಟ್ ಇಟ್ಟುಕೊಂಡರೆ 12 ಅಥವಾ 24 ಪದಗಳ ಒಂದು ಸಾಲು ಕೊಡುತ್ತೆ. ಆ ಪದಗಳೇ ದುಡ್ಡು. ಕಾಗದದಲ್ಲಿ ಬರೆಯಿರಿ, ಫೋಟೋ ಬೇಡ, ಗ್ಯಾಲರಿ ತಾನಾಗೇ ಕ್ಲೌಡಿಗೆ ಹೋಗುತ್ತೆ. ಆ ಪದಗಳನ್ನು ಕೇಳುವ ಕಸ್ಟಮರ್ ಕೇರ್ ಇಲ್ಲ, ಕೇಳಿದವನು ಕಳ್ಳ. ಸಾವಿರ, ಎರಡು ಸಾವಿರಕ್ಕೆ ಇದೆಲ್ಲ ತಲೆನೋವು ಬೇಡ ಅನ್ನೋದು ನನ್ನ ಅಭಿಪ್ರಾಯ. ಮೊತ್ತ ದೊಡ್ಡದಾದಾಗ ಕಲಿಯಿರಿ.

ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಸ್ವಂತ ವ್ಯಾಲೆಟ್‌ಗೆ ನಾಮಿನಿ ಇರಲ್ಲ. ನಾಳೆ ನಿಮಗೇನಾದರೂ ಆದರೆ, ಹಾಗೊಂದು ದುಡ್ಡಿತ್ತು ಅಂತಲೂ ಯಾರಿಗೂ ಗೊತ್ತಾಗಲ್ಲ.

ಇದನ್ನು ತಮ್ಮನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಚಿಕ್ಕಮ್ಮನಿಗೆ ಚೀಟಿ ಎತ್ತಿದ್ದನ್ನೇ ಹೇಳಿರಲಿಲ್ಲ ಮಹಾಶಯ. ಹೇಳಿದ. ಎಂಬತ್ತು ಸಾವಿರ ಈಗ ಚಿಕ್ಕಮ್ಮನ ಬ್ಯಾಂಕ್ ಖಾತೆಯಲ್ಲಿದೆ. ಇವನು ಸಂಬಳದಿಂದ ತಿಂಗಳಿಗೆ ಸಾವಿರ ಹಾಕ್ತಾನಂತೆ, ಪೂರ್ತಿ ಮುಳುಗಿದರೂ ಕಣ್ಣೀರು ಬರದಷ್ಟು. ಎಷ್ಟಾದಾಗ ಮಾರೋದು ಅಂತ ಈಗಲೇ ಡೈರಿಯಲ್ಲಿ ಬರೆದಿಟ್ಟಿದ್ದಾನೆ.

ಮೊನ್ನೆ ಚಿಕ್ಕಮ್ಮನೇ ಫೋನ್ ಮಾಡಿದ್ದರು. ಅವರ ಮನೆಯ ಅಟ್ಟದಲ್ಲಿ ವರ್ಷವೆಲ್ಲ ತೆಂಗಿನಕಾಯಿ ಒಣಗ್ತಾ ಇರುತ್ತೆ. ಕೊಬ್ಬರಿ ಆದ ಮೇಲೂ ರೇಟು ನೋಡಿಯೇ ಮಂಡಿಗೆ ಕಳಿಸೋದು.

“ಅಲ್ಲ ಕಣೇ, ಇವನು ಅದೇನೋ ಬಿಟ್ಟು ಕಾಯಿ ತಗೊಂಡಿದಾನಂತಲ್ಲ,” ಅಂದರು, “ಅದು ಕೊಬ್ಬರಿ ಆಗೋಕೆ ಎಷ್ಟು ತಿಂಗಳು ಬೇಕಂತೆ?”