ಸಂಖ್ಯಾಹಾರವೂ ನಮ್ಮ ಗಣಿತ ಬೋಧನೆಯೂ

ಕಲಬುರಗಿಯ ನೆಹರು ಗಂಜ್‌ನಲ್ಲಿ ದೊಡ್ಡ ಸಂಖ್ಯೆಗಳಿಗೆ ಕೊರತೆಯಿಲ್ಲ. ತೊಗರಿಯ ತೂಕ, ದರ, ಹಮಾಲಿ, ಅಡತಿ ಎಲ್ಲವೂ ಅಂಕಿಗಳಾಗಿ ಖಾತೆಗೆ ಇಳಿಯುತ್ತವೆ. ಒಂದು ಕಾಲಕ್ಕೆ ಬಾಯಿಲೆಕ್ಕದಿಂದ ಸಾಗುತ್ತಿದ್ದ ಗುಣಾಕಾರವನ್ನು ಇಂದು ಯಂತ್ರವು ಕ್ಷಣಾರ್ಧದಲ್ಲಿ ಮುಗಿಸುತ್ತದೆ. ಹೀಗಿರಲು ಶಾಲೆಯಲ್ಲಿ ಮಕ್ಕಳು ಗುಣಾಕಾರವನ್ನು ಏಕೆ ಕಲಿಯಬೇಕೆಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರವು ನಮ್ಮ ಜಿಲ್ಲೆಯ ಇತಿಹಾಸದಲ್ಲಿಯೇ ಇದೆ.

ಸೇಡಂ ತಾಲ್ಲೂಕಿನ ಇಂದಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. 27994681ನ್ನು 441ರಿಂದ ಗುಣಿಸಿದರೆ 12345654321 ದೊರೆಯುವುದೆಂಬ ಲೆಕ್ಕ ಅದರಲ್ಲಿದೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಈ ಬಗೆಯ ಸಂಖ್ಯೆಗಳನ್ನು ಆತನು ಕೊರಳ ಹಾರಕ್ಕೆ ಹೋಲಿಸಿದನು.

ಈ ಹಾರದ ಗುಟ್ಟೇನು? ಇದು 111111ರ ವರ್ಗ. ಒಂದರ ಸಾಲನ್ನು ಆರು ಬಾರಿ, ಪ್ರತಿ ಸಲವೂ ಒಂದು ಸ್ಥಾನ ಸರಿಸಿ ಬರೆದು ಕೂಡಿದರೆ ನಡುವಿನ ಕಂಬಸಾಲಿನಲ್ಲಿ ಆರು ಒಂದುಗಳು ಸೇರುತ್ತವೆ. ದಶಕ ಒಯ್ಯುವ ಪ್ರಸಂಗವೇ ಬರುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ ನಡೆಯುವುದು. ಹತ್ತನೆಯದು ಸೇರಿದೊಡನೆ ದಶಕ ಮುಂದೆ ಸಾಗಿ 1234567900987654321 ಆಗುತ್ತದೆ, ಹಾರ ಹರಿಯುತ್ತದೆ. ಏಕೆ ಹರಿಯಿತೆಂದು ತಾನೇ ಕಂಡುಕೊಂಡ ಬಾಲಕನು ಸ್ಥಾನಬೆಲೆಯನ್ನು ಎಂದಿಗೂ ಮರೆಯಲಾರನು.

ಇದು ಕೇವಲ ವಿನೋದವಲ್ಲ. 441ರ ಅಂಕಿಗಳ ಮೊತ್ತ 9. ಆದುದರಿಂದ ಗುಣಲಬ್ಧದ ಅಂಕಿಗಳ ಮೊತ್ತವೂ 9ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ಅದು 36. ಯಂತ್ರದಲ್ಲಿ ಕೈತಪ್ಪಿ 442 ಎಂದು ಒತ್ತಿದರೆ ಬರುವ ಉತ್ತರವು ಈ ಪರೀಕ್ಷೆಯಲ್ಲಿ ನಿಲ್ಲದು. ಯಂತ್ರಕ್ಕೆ ತನ್ನೊಳಗೆ ಹೋದ ಅಂಕಿ ತಪ್ಪೆಂದು ತಿಳಿಯದು, ತಿಳಿಯಬೇಕಾದವನು ಮನುಷ್ಯ. ಗಂಜ್‌ನ ತಕ್ಕಡಿಯ ಮುಂದೆ ನಿಂತ ರೈತನ ಮಗನಿಗೆ ಈ ಅರಿವು ಇಲ್ಲದಿದ್ದರೆ, ತಂದೆಯ ವರ್ಷದ ದುಡಿಮೆ ಒಂದು ತಪ್ಪು ಅಂಕಿಯಲ್ಲಿ ಕರಗಬಹುದು.

ಆದರೆ ನಮ್ಮ ತರಗತಿಗಳಲ್ಲಿ ಆಗುತ್ತಿರುವುದೇನು? ಸೂತ್ರವನ್ನು ಬಾಯಿಪಾಠ ಮಾಡಿಸಿ, ಉತ್ತರ ಸರಿಯಾದರೆ ಅಂಕ ಕೊಟ್ಟು ಮುಂದೆ ಸಾಗುತ್ತೇವೆ. ‘ಏಕೆ’ ಎಂದು ಕೇಳುವ ವಿದ್ಯಾರ್ಥಿಗೆ ಸಮಯವಿಲ್ಲವೆನ್ನುತ್ತೇವೆ. ಯಂತ್ರವು ಮಾಡಬಲ್ಲುದನ್ನೇ ಮಕ್ಕಳಿಂದ ಮಾಡಿಸಿ, ಅದು ಮಾಡಲಾರದುದನ್ನು ಕಲಿಸದೆ ಬಿಡುವುದು ಯಾವ ವಿವೇಕ?

ವಾರಕ್ಕೊಂದು ಅವಧಿಯನ್ನು ಪರೀಕ್ಷೆಯ ಹಂಗಿಲ್ಲದೆ ಒಂದೇ ಒಂದು ಸಂಖ್ಯೆಗಾಗಿ ಮೀಸಲಿಡಬೇಕೆಂದು ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ. ವ್ಯಾಪಾರದ ಅನುಭವವುಳ್ಳ ಹಳೆಯ ವಿದ್ಯಾರ್ಥಿಗಳು ಬಂದು ತಮ್ಮ ಬಾಯಿಲೆಕ್ಕದ ಜಾಣ್ಮೆಯನ್ನು ಮಕ್ಕಳಿಗೆ ತೋರಿಸಲಿ. ದಾನಿಗಳು ಕೊಠಡಿಗಳನ್ನು ಕಟ್ಟಿಸಿಕೊಟ್ಟಿದ್ದಾರೆ. ಗ್ರಂಥಾಲಯದಲ್ಲಿ ಗಣಿತಕ್ಕೂ ಒಂದು ಕಪಾಟು ದೊರೆಯಲಿ. ಸಾವಿರದ ನೂರು ವರ್ಷಗಳಿಗೂ ಹಿಂದೆ ಈ ನಾಡಿನಲ್ಲಿ ಪೋಣಿಸಿದ ಹಾರವು ನಮ್ಮ ಮಕ್ಕಳ ಕೊರಳಿಗೆ ಬೀಳದೆ ಹೋದರೆ, ಆ ಕೊರತೆ ಮಕ್ಕಳದಲ್ಲ, ನಮ್ಮದು.