ಕರೆಂಟು ಹೋಯಿತೆಂದು ಸಾಲ ತರಬೇಕೆ?



ಹಳ್ಳಿಯ ಕರೆಂಟು ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. 2023ರ ಬರಗಾಲದಲ್ಲಿ ಇಡೀ ರಾಜ್ಯವೇ ಇದನ್ನು ಅನುಭವಿಸಿತು. ಆದರೆ ಕತ್ತಲೆಯ ನೆಪದಲ್ಲಿ ಮನೆಗೆ ಸಾಲ ನುಗ್ಗುವುದನ್ನು ತಡೆಯೋದು ನಮ್ಮ ಕೈಯಲ್ಲೇ ಇದೆ.

"ದೊಡ್ಡ ಬ್ಯಾಟರೀನೇ ತಗೊಳ್ಳಿ ಯಜಮಾನ್ರೇ, ಕಂತಿನಲ್ಲಿ ಕಟ್ಟಿ" ಅನ್ನುತ್ತಾನೆ ಅಂಗಡಿಯವನು. ಅವನ ಲಾಭ ದೊಡ್ಡದರಲ್ಲಿದೆ. ನಮ್ಮ ಲಾಭ ಎಲ್ಲಿದೆ? ಲೆಕ್ಕ ಹಾಕಿ ನೋಡಿ.

9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು 36, ಹಳೇ ಮಾದರಿ ಫ್ಯಾನು 75, ಟಿ.ವಿ. 60, ಎರಡು ಮೊಬೈಲು 20. ಒಟ್ಟು 191 ವ್ಯಾಟ್. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಕೊಡಬೇಕು. ಆದರೆ ಸೀಸದ ಬ್ಯಾಟರಿಯನ್ನು ದಿನಾ ಪೂರ್ತಿ ಬರಿದು ಮಾಡಿದರೆ ಬೇಗ ಸಾಯುತ್ತೆ. ಅರ್ಧ ಬಳಸಿದರೆ ಬಾಳುತ್ತೆ. ಇನ್ವರ್ಟರೂ ತನ್ನ ಪಾಲು ತಿನ್ನುತ್ತೆ. ಕೊನೆಗೆ ಸಿಗೋದು ನಾಲ್ಕು ಗಂಟೆ. ಫ್ಯಾನು, ಟಿ.ವಿ. ಬಿಟ್ಟರೆ ಉಳಿಯೋದು 56 ವ್ಯಾಟ್. ಅದಕ್ಕೆ ಇದರ ಅರ್ಧದಷ್ಟು ಬ್ಯಾಟರಿ ಆರು ಗಂಟೆ ಬರುತ್ತೆ. ಮಕ್ಕಳ ಓದಿಗೆ, ಅಡುಗೆಮನೆಗೆ, ಫೋನಿಗೆ ಇಷ್ಟು ಸಾಲದೇ?

ಇನ್ನೊಂದು ಮಾತು ಅಂಗಡಿಯವನು ಹೇಳೋದಿಲ್ಲ. 150ರ ಬ್ಯಾಟರಿ ತುಂಬಲು ಹತ್ತು ಗಂಟೆಗೂ ಹೆಚ್ಚು ಕರೆಂಟು ಬೇಕು. ಆಗಾಗ ಬಂದು ಹೋಗುವ ಕರೆಂಟಿನಲ್ಲಿ ಅದು ತುಂಬೋದೇ ಇಲ್ಲ. ಅರೆತುಂಬಿ ನಿಂತ ಸೀಸದ ಬ್ಯಾಟರಿ ಒಳಗೊಳಗೇ ಕೆಡುತ್ತೆ. ತುಂಬದ ಹಗೇವು ತೋಡಿಸಿ ಏನು ಪ್ರಯೋಜನ?

ಹಾಗಂತ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಮನೆಗೆ ಹಾಕಬೇಡಿ. ಅದು ಇಂಜಿನ್ ಎಬ್ಬಿಸೋಕೆ ಒಂದು ಕ್ಷಣ ಜೋರಾಗಿ ಕೊಡುವಂಥದ್ದು. ರಾತ್ರಿಯಿಡೀ ಎಳೆದರೆ ತಾಳೋದಿಲ್ಲ. ಬೆಳಕೂ ಇಲ್ಲ, ಬೆಳಿಗ್ಗೆ ಉಳುಮೆಯೂ ಇಲ್ಲ ಅನ್ನೋ ಹಾಗಾಗುತ್ತೆ.

ಕೊಳ್ಳುವುದಾದರೆ ರಸೀದಿಯಲ್ಲಿ ಮೂರು ಸಂಗತಿ ಬರೆಸಿ: ಬ್ಯಾಟರಿ ಎಷ್ಟು ಆಂಪಿಯರ್-ಅವರ್, ವಾರಂಟಿ ಎಷ್ಟು ವರ್ಷ, ಹಳೇ ಬ್ಯಾಟರಿಗೆ ಎಷ್ಟು ಕಳೆದ. ಹಳೇದರೊಳಗಿನ ಸೀಸಕ್ಕೂ ಬೆಲೆ ಇದೆ, ಪುಕ್ಕಟೆ ಬಿಟ್ಟುಬರಬೇಡಿ.

ಬಿತ್ತನೆಗೆ ತಂದ ಬೆಳೆಸಾಲವನ್ನು ಮಾತ್ರ ಇದಕ್ಕೆ ಮುಟ್ಟಬೇಡಿ. ಬ್ಯಾಟರಿ ಫಸಲು ಕೊಡೋದಿಲ್ಲ. ಕಂತು ಮಾತ್ರ ಮಳೆ ಬಂದರೂ ಬರುತ್ತೆ, ಬಾರದಿದ್ದರೂ ಬರುತ್ತೆ.