ಮಕ್ಕಳ ಕೈ ಕಟ್ಟಿಹಾಕಿದವರು ಯಾರು?

"ಓದದಿದ್ರೆ ಪಂಚರ್ ಅಂಗಡಿಗೆ ಸೇರಿಸ್ತೀನಿ, ನೋಡು!"

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹಾಕುವ ಬೆದರಿಕೆ ಇದು. ಹೊರಗಿನವರು ಮುಸ್ಲಿಮರನ್ನು 'ಪಂಚರ್ ಹಾಕುವವರು' ಎಂದು ಹೀಯಾಳಿಸಿದಾಗ ನಮಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಆದರೆ ಅದೇ ಮಾತನ್ನು ನಾವೇ ಮಕ್ಕಳ ಮುಂದೆ ಬೈಗುಳವಾಗಿ ಬಳಸುತ್ತೇವಲ್ಲ, ಅದಕ್ಕೇನು ಹೇಳೋಣ? ಚಕ್ರ ಬಿಚ್ಚಿ, ತೂತು ಹುಡುಕಿ, ತೇಪೆ ಹಾಕಿ, ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೊರಟ ಲಾರಿಯನ್ನು ಮುಂದಕ್ಕೆ ಕಳಿಸುವವನು ಮಾಡಿದ ತಪ್ಪಾದರೂ ಏನು?

ಕೈಕೆಲಸ ಕೀಳು ಎಂದು ಹೀಗೆ ಪಾಠ ಹೇಳಿಕೊಟ್ಟ ಮೇಲೆ ಅದೇ ಮಗುವಿಗೆ ಶಾಲೆಯಿಂದ 'ಕ್ರಾಫ್ಟ್ ಪ್ರಾಜೆಕ್ಟ್' ಬರುತ್ತದೆ. ಅಪ್ಪ ಸ್ಟೇಷನರಿ ಅಂಗಡಿಗೆ ಓಡಿ ಥರ್ಮಾಕೋಲ್, ಬಣ್ಣದ ಹಾಳೆ, ಮಿಂಚುಪುಡಿ ತರುತ್ತಾನೆ. ಅಮ್ಮ ರಾತ್ರಿ ಹನ್ನೊಂದರವರೆಗೆ ಕುಳಿತು ಅಂಟಿಸುತ್ತಾಳೆ. ಮಗು ಮೊಬೈಲ್ ನೋಡುತ್ತಾ ನಿದ್ದೆ ಹೋಗಿರುತ್ತದೆ. ಕೆಲಸ ಅಮ್ಮನದು, ಅಂಕ ಮಗುವಿನದು! ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಕ್ಕೊಳಗಾಗಿದೆ. ಪರಿಸರ ದಿನಕ್ಕೂ ಅದರಲ್ಲೇ ಮರ ಕೊರೆದು ನಿಲ್ಲಿಸುವುದನ್ನು ಶಿಕ್ಷಣವೆನ್ನಬೇಕೇ?

ಅಂಗಡಿಗೆ ಓಡುವಷ್ಟು ಬಡತನ ನಮ್ಮ ಜಿಲ್ಲೆಗೆ ಬಂದಿಲ್ಲ. ಗುಂಡ್ಲುಪೇಟೆಯ ಹೊಲಗಳಲ್ಲಿ ಚೆಂಡುಹೂ ಬೆಳೆಯುತ್ತದೆ. ಅದರ ಬಣ್ಣಕ್ಕಾಗಿ ಕಂಪೆನಿಗಳು ಹೂವನ್ನು ಲೋಡುಗಟ್ಟಲೆ ಕೊಳ್ಳುತ್ತವೆ. ನಮ್ಮ ಮಕ್ಕಳಿಗೆ ಆ ಬಣ್ಣದ ಪರಿಚಯವೇ ಇಲ್ಲ. ಒಂದು ಬೊಗಸೆ ಎಸಳನ್ನು ನೀರಲ್ಲಿ ಕುದಿಸಿ ಸೋಸಿ, ಚಿಟಿಕೆ ಪಟಕ ಹಾಕಿ, ಹಳೆಯ ಹತ್ತಿ ಬಟ್ಟೆಯನ್ನು ಅದ್ದಲಿ. ಹಳದಿ ಬಣ್ಣ ಕಣ್ಣೆದುರೇ ಏರುತ್ತದೆ. ಒಲೆಯ ಹತ್ತಿರ ದೊಡ್ಡವರಿದ್ದರೆ ಸಾಕು. ಚಾಮರಾಜನಗರ ರೇಷ್ಮೆಯ ಸೀಮೆ. ಚಿಟ್ಟೆ ಹೊರಬಂದು ತೂತಾದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಆದರೆ ಅದನ್ನು ಕತ್ತರಿಸಿದರೆ ಹೂವಾಗುತ್ತದೆ, ಪೋಣಿಸಿದರೆ ಹಾರವಾಗುತ್ತದೆ. ತೆಂಗಿನ ಗರಿ ಸುತ್ತಿದರೆ ಪೀಪಿ, ಒಣಗಿದ ಬಾಳೆಪಟ್ಟೆ ಹೆಣೆದರೆ ಚಾಪೆ.

ಕಾಡನ್ನು ನುಂಗುತ್ತಿರುವ ಲಂಟಾನವನ್ನೇ ನೋಡಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮೇಜು ಮಾಡಿದರು. ಬಂಡೀಪುರದಾಚೆಯ ಗೂಡಲೂರು ಸೀಮೆಯ ಆದಿವಾಸಿಗಳು ಅದೇ ಕಡ್ಡಿಗಳಿಂದ ಕಟ್ಟಿದ ಆನೆಗಳು 2024ರಲ್ಲಿ ಅಮೆರಿಕದ ನ್ಯೂಯಾರ್ಕ್‌ನಲ್ಲಿ ನಿಂತವು. 'ಅನಕ್ಷರಸ್ಥರ ಕೆಲಸ' ಎಂದು ಮೂಗು ಮುರಿಯುವವರು ಅಂಥ ಒಂದು ಆನೆಯ ಕಿವಿಯನ್ನಾದರೂ ಹೆಣೆದು ತೋರಿಸಲಿ!

ಧರ್ಮದ ಮಾತಿಗೇ ಬರೋಣ. ಸ್ವಂತ ಕೈಯ ದುಡಿಮೆಯ ಅನ್ನಕ್ಕಿಂತ ಉತ್ತಮ ಅನ್ನವಿಲ್ಲವೆಂದು ಕಲಿಸಿದವರು ಪ್ರವಾದಿ(ಸ). ಪ್ರವಾದಿ ದಾವೂದ್(ಅ)ರನ್ನು ಅದಕ್ಕೆ ಉದಾಹರಣೆಯಾಗಿ ಕೊಟ್ಟರು. ಸ್ವತಃ ತಮ್ಮ ಚಪ್ಪಲಿ ದುರಸ್ತಿ ಮಾಡಿಕೊಳ್ಳುತ್ತಿದ್ದರು, ಬಟ್ಟೆ ಹೊಲಿದುಕೊಳ್ಳುತ್ತಿದ್ದರು. ಅವರ ಪತ್ನಿ ಝೈನಬ್ ಬಿನ್ತ್ ಜಹ್ಶ್(ರ) ಚರ್ಮದ ಕೆಲಸ ಮಾಡಿ, ಬಂದ ಹಣವನ್ನು ಬಡವರಿಗೆ ಹಂಚುತ್ತಿದ್ದರು. ಈ ಕಥೆಗಳನ್ನು ಮದ್ರಸದಲ್ಲಿ ಕೇಳಿಸಿ, ಮನೆಯಲ್ಲಿ ಚಪ್ಪಲಿ ಹೊಲಿಯುವವನನ್ನು ಏಕವಚನದಲ್ಲಿ ಕರೆದರೆ ಮಗು ಯಾವುದನ್ನು ಕಲಿಯುತ್ತದೆ? ಬಸವಣ್ಣನವರ ಕಾಯಕದ ಬಗ್ಗೆ ಭಾಷಣ ಮಾಡಿ, ಬಿದಿರು ಹೆಣೆಯುವ ಮೇದರ ಬಳಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವವರಿಗೂ ಇದೇ ಪ್ರಶ್ನೆ.

"ಬಡವರ ಮಕ್ಕಳಿಗೆ ಬೇಕಾದದ್ದು ಪುಸ್ತಕ, ಕತ್ತರಿಯಲ್ಲ" ಎಂಬ ಆಕ್ಷೇಪವಿದೆ. ಅದು ಹಗುರವಾದ ಮಾತಲ್ಲ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಮಕ್ಕಳ ಶಾಲಾ ಸಮಯವನ್ನು ಕಡಿತಗೊಳಿಸಿ, ಉಳಿದ ಹೊತ್ತಿನಲ್ಲಿ ಅಪ್ಪನ ಕಸುಬು ಕಲಿಯಲಿ ಎಂದರು. ಇಂದು ನಮ್ಮ ಜಿಲ್ಲೆಯಲ್ಲಿರುವ ಕೊಳ್ಳೇಗಾಲ ಆಗ ಅದೇ ಮದ್ರಾಸಿಗೆ ಸೇರಿತ್ತು. ಅದು 'ಕುಲಕಸುಬಿನ ಶಿಕ್ಷಣ' ಎಂದು ಜನ ಸಿಡಿದೆದ್ದರು. 1954ರಲ್ಲಿ ಯೋಜನೆ ರದ್ದಾಯಿತು. ರದ್ದಾದದ್ದು ಒಳ್ಳೆಯದೇ ಆಯಿತು. ಚಮ್ಮಾರನ ಮಗ ಮಾತ್ರ ಚಪ್ಪಲಿ ಹೊಲಿಯಬೇಕು ಎಂಬುದು ಅನ್ಯಾಯ. ಆದರೆ ಆ ಅನ್ಯಾಯಕ್ಕೆ ಉತ್ತರ ಯಾರೂ ಸೂಜಿ ಹಿಡಿಯಬಾರದು ಎಂಬುದಲ್ಲ. ಡಾಕ್ಟರನ ಮಗನೂ ಹಿಡಿಯಬೇಕು ಎಂಬುದು. ಕಸುಬು ಕೆಲವರ ಹಣೆಬರಹವಾಗಿರುವವರೆಗೆ ಅದು ಅವಮಾನ. ಎಲ್ಲರ ಮನೆಯ ಆಟವಾದಾಗ ಮಾತ್ರ ಅದಕ್ಕೆ ಮರ್ಯಾದೆ.

ಆದ್ದರಿಂದ ಶಿಕ್ಷಕರೇ, ಅಂಗಡಿಯಿಂದ ಬಂದ ಪ್ರಾಜೆಕ್ಟಿಗೆ ಅಂಕ ಕೊಡುವುದನ್ನು ನಿಲ್ಲಿಸಿ. ವಕ್ರವಾಗಿ ಹೊಲಿದ ಚಿಂದಿಬಟ್ಟೆಯ ಬೊಂಬೆಗೆ ಕೊಡಿ. ಹಝ್ರತ್ ಆಯಿಶಾ(ರ) ಬಾಲ್ಯದಲ್ಲಿ ಬೊಂಬೆಗಳೊಂದಿಗೆ ಆಡಿದ್ದಕ್ಕೆ ಹದೀಸ್‌ಗಳೇ ಸಾಕ್ಷಿ. ತಾಯಂದಿರೇ, ಗೋದಡಿ ಹೊಲಿಯುವಾಗ ಪಕ್ಕದಲ್ಲಿ ಮಗಳ ಜೊತೆ ಮಗನನ್ನೂ ಕೂರಿಸಿಕೊಳ್ಳಿ. ತಂದೆಯರೇ, ಸೈಕಲ್ ಪಂಚರ್ ಆದರೆ ಮಗುವನ್ನು ಕರೆದೊಯ್ದು, ಆ ಮೇಸ್ತ್ರಿಗೆ ಸಲಾಂ ಹೇಳಿಸಿ, ಕೆಲಸ ಮುಗಿಯುವವರೆಗೆ ನಿಂತು ನೋಡಲು ಬಿಡಿ. ಮನೆಗೆ ಬಂದು ತಾನೂ ಒಂದು ತೇಪೆ ಹಾಕಲಿ. 'ಪಂಚರ್' ಎಂಬ ಬೈಗುಳ ಸಾಯಬೇಕಾದರೆ ಮೊದಲು ಅದು ನಮ್ಮ ಮನೆಯಲ್ಲಿ ಸಾಯಬೇಕು.